ಟೈಮ್ ಕೀಪರನ ಹೆಂಡತಿ ಸುಮ್ಮನೆ ಹೊರಟದ್ದು

ಕಾಂತಿ: ಹತ್ತಿ ಮಾರಾಯ್ರೆ, ಬಸ್ಸು ಬಿಡ್ತದೆ!

ಕಮಲಾಕ್ಷ: ಬಿಡ್ಲಿ. ಇದು ಬೇಡ.

ಕಾಂತಿ: ಇದಕ್ಕೆ ಎಂತಾಗಿದೆ? ಚಕ್ರ ಉಂಟು, ಡ್ರೈವರ್ ಇದ್ದಾನೆ, ಸೀಟೂ ಖಾಲಿ ಉಂಟು.

ಕಮಲಾಕ್ಷ: ಇದು ಒಂಬತ್ತು ಹನ್ನೆರಡರ ಸಿದ್ಧಕಟ್ಟೆ ಬಸ್ಸು. ಈಗ ಗಂಟೆ ಒಂಬತ್ತು ಹದಿನಾರು. ನಾಲ್ಕು ನಿಮಿಷ ತಡವಾದ ಬಸ್ಸಿಗೆ ನಾನೇ ಹತ್ತಿದ್ರೆ ನಾಳೆಯಿಂದ ಅವನಿಗೆ ಯಾವ ಬಾಯಲ್ಲಿ ಬೈಯುವುದು?

ಕಾಂತಿ: ಇದಕ್ಕಿಂತ ಮೊದಲಿನದ್ದು ಸರಿಯಾದ ಟೈಮಿಗೇ ಬಂತಲ್ಲ?

ಕಮಲಾಕ್ಷ: ಬಂತು. ಇಡೀ ವರ್ಷ ತಡ ಮಾಡಿದವ ಇವತ್ತು ಸರಿಯಾಗಿ ಬಂದದ್ದು ನನ್ನನ್ನು ಕಂಡು. ನಾಟಕ ಅದು. ನಾಟಕದ ಬಸ್ಸಿಗೆ ನಾನು ಹತ್ತುವುದಿಲ್ಲ.

ಸಿದ್ಧಕಟ್ಟೆ ಬಸ್ಸು ಹೋಯಿತು. ಮೂಡಬಿದ್ರೆಯ ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನಲ್ಲಿ ಕಾಂತಿ ಎಂಟೂವರೆಯಿಂದ ಕೂತಿದ್ದಳು. ಕೈಬಿಟ್ಟು ಹೋದ ಬಸ್ಸುಗಳಲ್ಲಿ ಇದು ಐದನೆಯದು. ಮದುವೆಯಾದರೆ ಅಕ್ಕಸಾಲಿಗನನ್ನೋ ಅಡುಗೆಯವನನ್ನೋ ಆಗಬೇಕಿತ್ತು, ತಾನು ಹೋಗಿ ಹೋಗಿ ಬಸ್ಸಿನ ಟೈಮ್ ಕೀಪರನನ್ನು ಕಟ್ಟಿಕೊಂಡೆನಲ್ಲ ಎಂದು ಅವಳಿಗೆ ಆ ಹೊತ್ತು ಅನ್ನಿಸಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಖಾಸಗಿ ಬಸ್ಸಿನವರ ನಾಡಿನಲ್ಲಿ ನಿಮಿಷವೆಂದರೆ ಜಾಗದ ಗಡಿ ಇದ್ದ ಹಾಗೆ. ಒಂದು ಬಸ್ಸು ಎರಡು ನಿಮಿಷ ನಿಂತರೆ ಹಿಂದಿನ ಬಸ್ಸಿನ ಜನ ಇದಕ್ಕೆ ಹತ್ತುತ್ತಾರೆ. ಆಮೇಲೆ ಇಬ್ಬರು ಕಂಡಕ್ಟರುಗಳ ಕೈಯಲ್ಲಿ ಇಬ್ಬರು ಕಂಡಕ್ಟರುಗಳ ಕಾಲರ್ ಇರುತ್ತದೆ. ಇಂಥ ರಣರಂಗದ ನಡುವೆ ವಿಶಲ್ ಊದಿ, ವಾಚು ತೋರಿಸಿ, ಬಸ್ಸುಗಳನ್ನು ಹೊರಡಿಸುತ್ತಾ ಕಮಲಾಕ್ಷ ಮೂವತ್ತೊಂದು ವರ್ಷ ಕಳೆದಿದ್ದ. ಹೋದ ತಿಂಗಳು ನಿವೃತ್ತನಾದ. ಅವನ ಜಾಗಕ್ಕೆ ಬಂದ ಹೊಸಬ ಮೂರನೆಯ ದಿನ ಜಗಳ ತಾಳಲಾರದೆ ತಾನೇ ಒಂದು ಬಸ್ಸು ಹತ್ತಿ ಹೋದವನು ತಿರುಗಿ ಬರಲಿಲ್ಲ. ಬಸ್ ಮಾಲಕರು ಮನೆಗೆ ಬಂದು ಕೈಮುಗಿದರು. ನಾಳೆಯಿಂದ ಕಮಲಾಕ್ಷ ಮತ್ತೆ ಕೆಲಸಕ್ಕೆ. ನಡುವೆ ಉಳಿದದ್ದು ಇವತ್ತು ಒಂದೇ ದಿನ, ಅದನ್ನು ಕಾಂತಿ ತನಗೆ ಬೇಕೆಂದು ಕೇಳಿದ್ದಳು. ಮೊದಲು ಬಂದ ಬಸ್ಸು ಹತ್ತುವುದು, ಇಳಿಯಬೇಕು ಅನ್ನಿಸಿದಲ್ಲಿ ಇಳಿಯುವುದು. ಸುಮ್ಮನೆ.

ಕಮಲಾಕ್ಷ: ಸುಮ್ಮನೆ ಎಲ್ಲಿಗೆ, ಅದನ್ನಾದ್ರೂ ಹೇಳು.

ಕಾಂತಿ: ಎಲ್ಲಿಗೆ ಅಂತ ಗೊತ್ತಿದ್ರೆ ಅದು ಸುಮ್ಮನೆ ಆಗುವುದು ಹೇಗೆ?

ಕಮಲಾಕ್ಷ: ನಾನು ನಿನ್ನನ್ನು ಎಲ್ಲಿಗೂ ಕರ್ಕೊಂಡು ಹೋಗದವನ ಹಾಗೆ ಮಾತಾಡ್ತಿ. ಮೊನ್ನೆ ಬಂಟ್ವಾಳಕ್ಕೆ ಹೋಗಿದ್ದೆವು.

ಕಾಂತಿ: ನಿಮ್ಮ ದೊಡ್ಡಮ್ಮ ತೀರಿಕೊಂಡದ್ದರ ಬೊಜ್ಜದ ಊಟಕ್ಕೆ.

ಕಮಲಾಕ್ಷ: ಅದಕ್ಕಿಂತ ಮೊದಲು ಬೆಳ್ತಂಗಡಿಗೆ?

ಕಾಂತಿ: ನಿಮ್ಮ ಹಲ್ಲು ಕೀಳಿಸ್ಲಿಕ್ಕೆ.

ಕಮಲಾಕ್ಷ: ಆಮೇಲೆ ಹೋಟೆಲಿಗೆ ಹೋಗ್ಲಿಲ್ವಾ?

ಕಾಂತಿ: ಹೋದೆವು. ನಾನು ಒಬ್ಬಳೇ ಮಸಾಲೆದೋಸೆ ತಿಂದೆ. ನೀವು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕಿಟಕಿಯಲ್ಲಿ ಬಸ್ಸಿನ ಟೈಮ್ ಬರೆದುಕೊಂಡ್ರಿ. ಇಪ್ಪತ್ತೊಂಬತ್ತು ವರ್ಷ ಆಯ್ತು. ಯಾರಾದ್ರೂ ಹುಟ್ಟಬೇಕು, ಇಲ್ಲದಿದ್ರೆ ಮದುವೆ ಆಗ್ಬೇಕು, ಅದೂ ಇಲ್ಲದಿದ್ರೆ ಸಾಯಬೇಕು. ಆಗ ಮಾತ್ರ ನಾನು ಮನೆಯಿಂದ ಹೊರಗೆ. ನನಗೆ ಕಾರಣ ಇಲ್ಲದ ಒಂದು ದಿನ ಬೇಕು. ಒಂದೇ ದಿನ.

ಕಮಲಾಕ್ಷ: ಆಯ್ತು ಮಾರಾಯ್ತಿ, ಬೇಡ ಅಂತ ಯಾರು ಹೇಳಿದ್ರು? ಸರಿಯಾದ ಬಸ್ಸು ಬರ್ಲಿ ಅಂತ ಮಾತ್ರ ನಾನು ಹೇಳುವುದು.

ಕಾಂತಿ: ಅಗೋ, ವೇಣೂರು.

ಕಮಲಾಕ್ಷ: ಅದರ ಕಂಡಕ್ಟರನಿಗೆ ಹೋದ ವರ್ಷ ಎಲ್ಲರೆದುರು ಬೈದಿದ್ದೇನೆ. ಚಿಲ್ಲರೆ ಕೊಡುವಾಗ ಮುಖ ನೋಡ್ಲಿಕ್ಕೆ ಕಷ್ಟ.

ಕಾಂತಿ: ನಾರಾವಿ?

ಕಮಲಾಕ್ಷ: ಅದು ಶಿರ್ತಾಡಿಯಲ್ಲಿ ಹಾಲಿನ ಕ್ಯಾನಿಗೆ ಕಾಯ್ತದೆ. ನಾನು ಒಳಗೆ ಕೂತು ಅದನ್ನು ಕಣ್ಣಾರೆ ನೋಡ್ಬೇಕಾ?

ಕಾಂತಿ: ಹಾಗಾದ್ರೆ ನಿಮಗೆ ಟೈಮೇ ಗೊತ್ತಿಲ್ಲದ ಬಸ್ಸು ಬಂದ್ರೆ?

ಕಮಲಾಕ್ಷ: ಅಂಥ ಬಸ್ಸು ಈ ಸ್ಟ್ಯಾಂಡಿಗೆ ಬರ್ಲಿಕ್ಕಿಲ್ಲ.

ಕಾಂತಿ: ಬಂದ್ರೆ ಹತ್ತುತ್ತೀರಾ?

ಕಮಲಾಕ್ಷ: ಹತ್ತುತ್ತೇನೆ. ಮಾತು ಅಂದ್ರೆ ಮಾತು.

ಮಾತು ಬಾಯಿಂದ ಹೊರಬಿದ್ದು ಐದು ನಿಮಿಷ ಆಗಿರಲಿಲ್ಲ, ಬೋರ್ಡೇ ಇಲ್ಲದ ನೀಲಿ ಬಸ್ಸೊಂದು ಸ್ಟ್ಯಾಂಡಿನೊಳಗೆ ತಿರುಗಿತು. ಕಮಲಾಕ್ಷ ತಟ್ಟನೆ ಎದ್ದು ನಿಂತ. ಬಸ್ಸಿನ ಮುಂದೆ ಕಟ್ಟಿದ್ದ ಹೂವಿನ ಮಾಲೆ ಅವನ ಕಣ್ಣಿಗೆ ಬೀಳಲಿಲ್ಲ, ಬೋರ್ಡು ಇಲ್ಲದ್ದು ಮಾತ್ರ ಬಿತ್ತು.

ಕಮಲಾಕ್ಷ: ಇದು ಯಾವುದು? ಒಂಬತ್ತು ಮೂವತ್ತೆಂಟಕ್ಕೆ ಇಲ್ಲಿ ಯಾವ ಬಸ್ಸೂ ಇಲ್ಲ! ಏ, ಯಾರ ಟೈಮಿನಲ್ಲಿ ಬಂದದ್ದು ನೀವು?

ಅವನು ಹೀಗೆ ಕೂಗುವಷ್ಟರಲ್ಲಿ ಕಾಂತಿ ಸೆರಗು ಬಿಗಿದು ಒಳಗೆ ಹತ್ತಿ ಕೂತಾಗಿತ್ತು. ವಿಚಾರಣೆ ಮಾಡಲೆಂದು ಹಿಂದಿನಿಂದ ಅವನೂ ಹತ್ತಿದ. ಬಸ್ಸು ಹೊರಟಿತು. ಒಳಗೆ ಅತ್ತರಿನ ಪರಿಮಳ, ಎಲ್ಲರ ಮೈಮೇಲೂ ಹೊಸ ಬಟ್ಟೆ. ಬಾಗಿಲಿನ ಹತ್ತಿರ ನೌಫಲ್ ಎಂಬ ಕಂಡಕ್ಟರ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿದ್ದ.

ಕಮಲಾಕ್ಷ: ಎರಡು ಟಿಕೆಟ್ ಕೊಡಿ.

ನೌಫಲ್: ಟಿಕೆಟ್ ಎಂತಕ್ಕೆ ಅಣ್ಣ? ಆರಾಮ ಕೂತ್ಕೊಳ್ಳಿ.

ಕಮಲಾಕ್ಷ: ಎಂತಕ್ಕೆ ಅಂದ್ರೆ? ನೀವು ಜನರಿಗೆ ಟಿಕೆಟ್ ಕೊಡುವುದಿಲ್ವಾ?

ನೌಫಲ್: ಇಲ್ಲಪ್ಪ! ನಾವು ಯಾರಿಗೂ ಕೊಡ್ಲಿಲ್ಲ. ಬೇಕಿದ್ರೆ ಕೇಳಿ ನೋಡಿ.

ಕಮಲಾಕ್ಷ: ಯಾರಿಗೂ ಕೊಡ್ಲಿಲ್ವಾ! ಬಸ್ಸಿನಲ್ಲಿ ಐವತ್ತು ಜನ ಇದ್ದಾರೆ!

ನೌಫಲ್: ನಲವತ್ತೆಂಟು ಅಣ್ಣ! ಸೀಟೂ ನಲವತ್ತೆಂಟು, ಜನವೂ ನಲವತ್ತೆಂಟು!

ಕಮಲಾಕ್ಷ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. ಪೆನ್ನಿನ ಮುಚ್ಚಳ ತೆಗೆದ. ನೌಫಲನ ಮುಖ ಬಿಳಿಚಿಕೊಂಡಿತು.

ಕಮಲಾಕ್ಷ: ಎಲ್ಲಿಯ ಬಸ್ಸು? ಪರ್ಮಿಟ್ ಯಾವ ರೂಟಿಗೆ?

ನೌಫಲ್: ಬಂಟ್ವಾಳದ್ದು ಸರ್. ಪರ್ಮಿಟ್ ಉಂಟು ಸರ್. ಮನೆಯಲ್ಲಿ ಉಂಟು ಸರ್.

ಅಣ್ಣ ಇದ್ದವನು ಸರ್ ಆದದ್ದನ್ನು ಕಾಂತಿ ಗಮನಿಸಿದಳು, ಕಮಲಾಕ್ಷ ಗಮನಿಸಲಿಲ್ಲ. ನೌಫಲ್ ಓಡಿಹೋಗಿ ಡ್ರೈವರನ ಕಿವಿಯಲ್ಲಿ ಪಿಸುಗುಟ್ಟಿದ. ಗಾಬರಿಯ ಪಿಸುಮಾತಾದ್ದರಿಂದ ಅರ್ಧ ಬಸ್ಸಿಗೆ ಕೇಳಿಸಿತು.

ನೌಫಲ್: ಆರ್‌ಟಿಒ ಹತ್ತಿದ್ದಾರೆ ಮಾರಾಯ! ಅನುಮಾನ ಬರ್ಬಾರ್ದು ಅಂತ ಹೆಂಡತಿಯನ್ನೂ ಕರ್ಕೊಂಡು ಬಂದಿದ್ದಾರೆ! ಟಿಕೆಟ್ ಕೇಳ್ತಾರೆ. ಬಾಡಿಗೆಗೆ ಹೊರಟ ಬಸ್ಸಿನಲ್ಲಿ ಟಿಕೆಟ್ ಕೊಟ್ರೆ ಸಿಕ್ಕಿಬಿದ್ದೆವು.

ಅಲ್ಲಿಗೆ ಬಸ್ಸಿಗೆ ಸಂಸ್ಕಾರ ಬಂತು. ಡ್ರೈವರ್ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟ. ತಿರುವು ಬಂದರೆ ಇಂಡಿಕೇಟರ್, ಕೋಳಿ ಅಡ್ಡ ಬಂದರೆ ಪೂರ್ತಿ ಬ್ರೇಕು. ಹಿಂದಿನಿಂದ ಬಂದ ಹುಲ್ಲಿನ ಟೆಂಪೋ ಒಂದು ದಾಟಿಕೊಂಡು ಮುಂದೆ ಹೋಯಿತು. ಇದನ್ನು ನೋಡಲಾರದೆ ಮುಂದಿನ ಸೀಟಿನಿಂದ ಬಿಳಿ ಅಂಗಿಯ ಹಿರಿಯರೊಬ್ಬರು ಎದ್ದು ಬಂದರು. ಮಹಮ್ಮದ್ ಕುಂಞಿ ಹಾಜಿ, ಮೂವತ್ತು ವರ್ಷ ಸೌದಿಯ ದಮಾಮಿನಲ್ಲಿದ್ದು ಈಗಷ್ಟೇ ಊರಿಗೆ ಬಂದು ನೆಲೆಸಿದವರು. ಬಂದವರು ಕಮಲಾಕ್ಷನನ್ನು ಕಂಡದ್ದೇ ಕೈ ಹಿಡಿದುಕೊಂಡರು.

ಹಾಜಿ: ಅರೆ, ಹತ್ತಿದ್ದು ಗೊತ್ತೇ ಆಗ್ಲಿಲ್ಲ! ಶಿರ್ತಾಡಿಯ ಮಾಷ್ಟ್ರಲ್ವಾ? ಮೂಡಬಿದ್ರೆ ಸ್ಟ್ಯಾಂಡಿನಲ್ಲಿ ಗಂಡ ಹೆಂಡತಿ ಹತ್ತುತ್ತಾರೆ ಅಂತ ಮದುಮಗ ಹೇಳಿದ್ದ. ನಮ್ಮ ಮದುಮಗ ನವಾಝಿಗೆ ಮಿಜಾರಿನ ಶಾಲೆಯಲ್ಲಿ ಪಾಠ ಮಾಡಿದವರು!

ಕಮಲಾಕ್ಷ: ಮಾಷ್ಟ್ರಾ? ಇಲ್ಲ, ನಾನು…

ಹಾಜಿ: ನೀವು ಕಲಿಸದಿದ್ರೆ ಅವ ಪಾಸಾಗ್ತಾನೆ ಇರ್ಲಿಲ್ಲ. ಪಾಸಾಗದಿದ್ರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ರೆ ಈ ಮದುವೆಯೇ ಇಲ್ಲ.

ಕಾಂತಿ: ಮದುವೆಯಾ?

ಹಾಜಿ: ಮದುವೆಯಲ್ಲದೆ ಮತ್ತೆಂತದು ಅಕ್ಕ! ಕಕ್ಕಿಂಜೆಯಲ್ಲಿ ಹನ್ನೊಂದೂವರೆಗೆ ನಿಕಾಹ್. ಮದುಮಗ ಕಾರಿನಲ್ಲಿ ಮುಂದೆ ಹೋಗಿದ್ದಾನೆ, ಇದು ದಿಬ್ಬಣದ ಬಸ್ಸು.

ಕಾಂತಿ ಹಣೆ ಚಚ್ಚಿಕೊಂಡಳು. ಇಪ್ಪತ್ತೊಂಬತ್ತು ವರ್ಷ ಕಾದು, ಹೇಗಾದರೂ ಒಂದು ದಿನ ಸಂಪಾದಿಸಿ, ಏಳು ಬಸ್ಸು ಬಿಟ್ಟು ಕೊನೆಗೆ ಹತ್ತಿದ್ದು ಮದುವೆಯ ಬಸ್ಸಿಗೆ! ಅಷ್ಟರಲ್ಲಿ ಹಾಜಿಯವರ ಫೋನು ಬಡಿದುಕೊಂಡಿತು.

ಹಾಜಿ: ಹಲೋ? ಯಾರು? ಶಿರ್ತಾಡಿ ಮಾಷ್ಟ್ರಾ? ಎಂತ, ಸ್ಟ್ಯಾಂಡಿನಲ್ಲಿ ಕಾಯ್ತಾ ಇದ್ದೀರಾ? ಅದು ಹೇಗೆ ಆಗ್ತದೆ ಮಾಷ್ಟ್ರೇ, ನೀವು ಇಲ್ಲಿ ನನ್ನ ಎದುರಿಗೇ ಕೂತಿದ್ದೀರಲ್ಲ!

ಮಾಷ್ಟ್ರು ಆ ಕಡೆಯಿಂದ ತಾನು ಎಲ್ಲಿದ್ದೇನೆಂದು ತನಗೆ ಗೊತ್ತಿದೆ ಎಂದಿರಬೇಕು. ಹಾಜಿಯವರು ಫೋನು ಕಿವಿಯಿಂದ ತೆಗೆದು ಕಮಲಾಕ್ಷನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಸ್ಸಿಗೆ ಬಸ್ಸೇ ಹಿಂದಿರುಗಿ ನೋಡಿತು.

ಹಾಜಿ: ಹಾಗಾದ್ರೆ ನೀವು ಯಾರು? ಎಲ್ಲಿಗೆ ಹೊರಟದ್ದು?

ಕಾಂತಿ: ಎಲ್ಲಿಗೂ ಇಲ್ಲ ಹಾಜಿಯವರೇ. ಸುಮ್ಮನೆ.

ಹಾಜಿ: ಸುಮ್ಮನೆ ಅಂದ್ರೆ? ಯಾರಾದ್ರೂ ತೀರಿಕೊಂಡ್ರಾ?

ಕಾಂತಿ: ಇಲ್ಲ.

ಪಕ್ಕದ ಸೀಟಿನ ನಸೀಬಾ ಮೆಲ್ಲನೆ ಬಾಗಿದಳು. ಮದುಮಗನ ಮಾಮಿ ಅವಳು, ತೊಡೆಯ ಮೇಲೊಂದು ಪೆಟ್ಟಿಗೆ ಅಪ್ಪಿಕೊಂಡಿದ್ದಳು.

ನಸೀಬಾ: ಮನೆಯಲ್ಲಿ ಜಗಳ ಆಯ್ತಾ ಅಕ್ಕ?

ಕಾಂತಿ: ಇಲ್ಲ. ಸ್ಟ್ಯಾಂಡಿನಲ್ಲಿ ಆಯ್ತು.

ನೌಫಲ್: ಸರ್, ಇನ್ನು ಹೇಳಿಬಿಡಿ ಸರ್. ಆರ್‌ಟಿಒ ಅಂತ ಬಾಯಿಬಿಟ್ಟು ಹೇಳಿದ್ರೆ ನಮಗೂ ಸಮಾಧಾನ.

ಕಮಲಾಕ್ಷ: ಯಾವ ಆರ್‌ಟಿಒ ಮಾರಾಯ? ನಾನು ಮೂಡಬಿದ್ರೆಯ ಟೈಮ್ ಕೀಪರ್! ಆ ಫೋನು ಕೊಡಿ ಹಾಜಿಯವರೇ, ನನ್ನಿಂದಾಗಿ ಒಬ್ಬರಿಗೆ ಬಸ್ಸು ತಪ್ಪಿತು. ಹಲೋ ಮಾಷ್ಟ್ರೇ, ಅಲ್ಲೇ ನಿಲ್ಲಿ. ಒಂಬತ್ತು ಐವತ್ತೆಂಟಕ್ಕೆ ಬೆಳ್ತಂಗಡಿ ಎಕ್ಸ್‌ಪ್ರೆಸ್ ಬರ್ತದೆ. ಎಡದ ಸೀಟಿನಲ್ಲಿ ಕೂತ್ಕೊಳ್ಳಿ, ಬಲಗಡೆ ವೇಣೂರಿನವರೆಗೆ ಬಿಸಿಲು. ಬೆಳ್ತಂಗಡಿಯಿಂದ ಆಚೆಯದ್ದು ನನ್ನ ಸರಹದ್ದಲ್ಲ, ಅಲ್ಲಿ ಕೇಳಿಕೊಳ್ಳಿ.

ಹಾಜಿಯವರ ಮುಖದಲ್ಲಿ ಅನುಮಾನ ಹೋಗಿ ಭಕ್ತಿ ಮೂಡಿತು.

ಹಾಜಿ: ಟೈಮ್ ಕೀಪರಾ! ದೇವರೇ ಕಳಿಸಿದ್ದು ನಿಮ್ಮನ್ನು. ಈ ಡ್ರೈವರ್ ನಮ್ಮನ್ನು ನಾಳೆಯೂ ಮುಟ್ಟಿಸುವುದಿಲ್ಲ. ನೀವು ಮುಂದೆ ಬನ್ನಿ ಅಣ್ಣ. ಹನ್ನೊಂದೂವರೆಗೆ ಕಕ್ಕಿಂಜೆ, ನಿಮ್ಮ ಜವಾಬ್ದಾರಿ!

ಕಾಂತಿ: ಹಾಜಿಯವರೇ, ಇವತ್ತು ಅವರಿಗೆ ರಜೆ…

ಯಾರು ಕೇಳಬೇಕು? ಕಮಲಾಕ್ಷ ಆಗಲೇ ಡ್ರೈವರನ ಪಕ್ಕ ಹೋಗಿ ನಿಂತಿದ್ದ. ವೇಣೂರು ಇಷ್ಟಕ್ಕೆ, ಗುರುವಾಯನಕೆರೆ ಇಷ್ಟಕ್ಕೆ ಎಂದು ಬೆರಳಲ್ಲಿ ಎಣಿಸಿ ಹೇಳಿದ. ಆರ್‌ಟಿಒ ಅಲ್ಲವೆಂದು ಗೊತ್ತಾದ ಸಂತೋಷಕ್ಕೆ ಡ್ರೈವರ್ ಆಕ್ಸಿಲರೇಟರ್ ಒತ್ತಿದ. ಉಜಿರೆ ದಾಟುವಾಗ ಕಮಲಾಕ್ಷ ವಾಚು ಎತ್ತಿ ಹಿಡಿದು ನಾಲ್ಕು ನಿಮಿಷ ಕೈಯಲ್ಲಿ ಉಂಟು ಎಂದು ಸಾರಿದ, ದಿಬ್ಬಣ ಚಪ್ಪಾಳೆ ತಟ್ಟಿತು. ಒಂದು ತಿಂಗಳಿಂದ ಅವನು ಇಷ್ಟು ಖುಷಿಯಾಗಿದ್ದದ್ದನ್ನು ಕಾಂತಿ ಕಂಡಿರಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು. ತನ್ನ ಒಂದು ದಿನವೂ ಅವನ ಡ್ಯೂಟಿಗೆ ಸೇರಿಹೋಯಿತಲ್ಲ!

ನಸೀಬಾ: ನಿಜವಾಗಿಯೂ ಸುಮ್ಮನೆ ಹೊರಟದ್ದಾ ಅಕ್ಕ?

ಕಾಂತಿ: ಹೌದು.

ನಸೀಬಾ: ಹಾಗೆ ಹೋಗ್ಲಿಕ್ಕೆ ಆಗ್ತದಾ?

ಕಾಂತಿ: ಆಗ್ತದಾ ಅಂತ ನೋಡ್ಲಿಕ್ಕೇ ಹೊರಟದ್ದು.

ನಸೀಬಾ: ನಾನೂ ಬರ್ತಿದ್ದೆ. ಆದ್ರೆ ಮದುಮಗಳಿಗೆ ಹಾಕುವ ಚಿನ್ನ ಪೂರಾ ನನ್ನ ತೊಡೆಯ ಮೇಲೆ ಉಂಟು. ಇದನ್ನು ಹಿಡ್ಕೊಂಡು ಸುಮ್ಮನೆ ಹೋದ್ರೆ ಹಿಂದಿನಿಂದ ಪೊಲೀಸರು ಬರ್ತಾರೆ. ನೀವು ಇಳೀರಿ ಅಕ್ಕ. ಮದುವೆಯ ಹಾಲ್ ಮುಟ್ಟಿದ ಮೇಲೆ ಇಳೀಲಿಕ್ಕೆ ಬಿಡುವುದಿಲ್ಲ, ಉಣ್ಣಿಸ್ತಾರೆ.

ಮುಂಡಾಜೆ ಹಿಂದೆ ಬಿದ್ದಿತ್ತು. ಕಿಟಕಿಯ ಹೊರಗೆ ಮರಗಳು, ರಸ್ತೆಯ ಅಡಿಯಲ್ಲಿ ತಿಳಿನೀರು ಹರಿಯುವ ತೋಡು, ತೋಡಿಗೊಂದು ಸಣ್ಣ ಮೋರಿ ಸೇತುವೆ. ಅಂಗಡಿ ಇಲ್ಲ, ಗುಡಿ ಇಲ್ಲ, ಗುರುತಿನವರ ಮನೆ ಇಲ್ಲ. ಕಾಂತಿ ಎದ್ದು ನಿಂತಳು. ಮೂವತ್ತೊಂದು ವರ್ಷ ಬಸ್ಸು ಹೊರಡಿಸಿದವನ ಹೆಂಡತಿ ಅವಳು, ಗಂಟಲಿಗೆ ಏನೂ ಕಡಿಮೆ ಇರಲಿಲ್ಲ.

ಕಾಂತಿ: ಹೋಲ್ಡಾನ್!

ಬಸ್ಸು ಗಕ್ಕನೆ ನಿಂತಿತು.

ಕಮಲಾಕ್ಷ: (ವಾಚಿನಿಂದ ಕಣ್ಣೆತ್ತದೆ) ಯಾರದು ಇಳಿಯುವವರು? ಬೇಗ ಇಳೀರಿ, ಟೈಮ್ ಹಾಳು ಮಾಡ್ಬೇಡಿ!

ಕಾಂತಿ ಇಳಿದಳು. ಬಸ್ಸಿನ ಮೈಗೆ ಎರಡು ಸಲ ಬಡಿದಳು.

ಕಾಂತಿ: ರೈಟ್!

ಬಸ್ಸು ಹೋಯಿತು. ಗಂಡನೂ ಹೋದ. ಮೋರಿಯ ಕಟ್ಟೆಯ ಮೇಲೆ ಕೂತ ಕಾಂತಿಗೆ ಮೊದಲ ಒಂದು ನಿಮಿಷ ಸ್ವರ್ಗವೇ ಅನ್ನಿಸಿತು. ಎರಡನೆಯ ನಿಮಿಷಕ್ಕೆ ಸ್ವರ್ಗದಲ್ಲಿ ಮಾತಾಡಲು ಜನ ಇಲ್ಲವೆಂದು ಗೊತ್ತಾಯಿತು. ಅವನಿಗೆ ನನ್ನ ನೆನಪು ಬರುವಾಗ ಎಲೆಯ ಮುಂದೆ ಕೂತಾಗಿರುತ್ತದೆ, ಬರದಿದ್ದರೂ ಆಶ್ಚರ್ಯ ಇಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ತಮಾಷೆಗೆ, ಆದರೆ ಬಸ್ಸು ಹೋದ ದಾರಿಯನ್ನೇ ನೋಡುತ್ತಾ ಕೂತಳು.

ಆಗ ತಿರುವಿನಲ್ಲಿ ಸದ್ದಾಯಿತು. ನೀಲಿ ಬಸ್ಸು ರಿವರ್ಸಿನಲ್ಲಿ ಹಿಂದೆ ಹಿಂದೆ ಬರುತ್ತಿತ್ತು. ಎರಡೂ ಬದಿಯ ಕಿಟಕಿಗಳಿಂದ ಇಡೀ ದಿಬ್ಬಣದ ತಲೆಗಳು ಹೊರಗಿದ್ದವು, ಎಲ್ಲರೂ ಒಟ್ಟಿಗೆ ದಾರಿ ಹೇಳುತ್ತಿದ್ದರು. ಹಿಂದಿನ ಬಾಗಿಲಿನಲ್ಲಿ ಜೋತುಬಿದ್ದು ಕಮಲಾಕ್ಷ ಬರ್ಲಿ, ಬರ್ಲಿ, ಬರ್ಲಿ ಎಂದು ಕೂಗುತ್ತಿದ್ದ.

ಕಮಲಾಕ್ಷ: ಇಳಿದದ್ದು ನೀನಾ?

ಕಾಂತಿ: ಬೇಗ ಇಳೀರಿ ಅಂತ ನೀವೇ ಹೇಳಿದ್ದು.

ಹಾಜಿ: (ಕಿಟಕಿಯಿಂದ) ಅಕ್ಕನನ್ನು ಹತ್ತಿಸಿ ಅಣ್ಣ! ಹೋಗುವ! ನಿಕಾಹ್ ಮುಗಿದ ಕೂಡ್ಲೇ ಬಿರಿಯಾನಿ!

ಕಮಲಾಕ್ಷ ವಾಚು ನೋಡಿದ. ಬಸ್ಸು ನೋಡಿದ. ಅವನ ಮುಖದ ಮೇಲೆ ಬಿರಿಯಾನಿ ಹಾದುಹೋದದ್ದು ಕಾಂತಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವನು ಅವಳನ್ನು ನೋಡಿದ.

ಕಮಲಾಕ್ಷ: ಇಲ್ಲಿ ಎಂತ ಉಂಟು?

ಕಾಂತಿ: ಎಂತದೂ ಇಲ್ಲ.

ಕಮಲಾಕ್ಷ: ನಮ್ಮವರು ಯಾರಾದ್ರೂ?

ಕಾಂತಿ: ಯಾರೂ ಇಲ್ಲ. ಇಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ.

ಕಮಲಾಕ್ಷ: (ಹಾಜಿಗೆ) ನೀವು ಹೋಗಿ ಹಾಜಿಯವರೇ. ಮಿಕ್ಕಿದ್ದ ನಾಲ್ಕು ನಿಮಿಷವೂ ಹೋಯ್ತು, ಮೇಲೆ ಮೂರು ನಿಮಿಷ ತಡ ಆಯ್ತು. ಕೇಳಿದ್ರೆ ಕಮಲಾಕ್ಷನ ಹೆಂಡತಿಗಾಗಿ ಬಸ್ಸು ನಿಂತಿತು ಅಂತ ಹೇಳಿ.

ಕಾಂತಿ ಕಟ್ಟೆಯಿಂದ ಎದ್ದು ಅವನನ್ನೇ ನೋಡಿದಳು. ಮಗ ರೋಹಿತ್ ಹುಟ್ಟಿದ ದಿನ ಸಂಜೆಯ ಐದು ನಲವತ್ತರ ಬಸ್ಸನ್ನು ಹೊರಡಿಸಿಯೇ ಆಸ್ಪತ್ರೆಗೆ ಬಂದ ಮನುಷ್ಯ ಇವನು. ಅವನಿಂದಾಗಿ ಈ ಜಿಲ್ಲೆಯಲ್ಲಿ ಒಂದು ಬಸ್ಸೂ ಅರ್ಧ ನಿಮಿಷ ನಿಂತದ್ದಿಲ್ಲ. ಇವತ್ತು ಮದುವೆಯ ದಿಬ್ಬಣವಿದ್ದ ಬಸ್ಸು ಮೂರು ನಿಮಿಷ ತಡವಾಗಿತ್ತು, ಅದೂ ತನಗಾಗಿ. ತಾಳಿ ಕಟ್ಟಿದ ದಿನವೂ ಅವಳಿಗೆ ಇಷ್ಟು ಸಂತೋಷ ಆಗಿರಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾಯಿತು. ನಸೀಬಾ ಕಾಣುವವರೆಗೂ ಕೈ ಬೀಸುತ್ತಿದ್ದಳು.

ಕಮಲಾಕ್ಷ: ಇನ್ನು ಎಂತ ಮಾಡುವುದು?

ಕಾಂತಿ: ಎಂತದೂ ಮಾಡ್ಲಿಕ್ಕಿಲ್ಲ.

ಕಮಲಾಕ್ಷ: ಅಂದಾಜು ಎಷ್ಟು ಹೊತ್ತು?

ಕಾಂತಿ: ನೀವು ಹಾಗೆ ಕೇಳ್ಬಾರ್ದು.

ಕಮಲಾಕ್ಷ: ಆಯ್ತು, ಕೇಳುವುದಿಲ್ಲ. (ವಾಚಿನ ಮೇಲೆ ಅಂಗೈ ಮುಚ್ಚಿ) ನಾವು ಎಂತದೂ ಮಾಡ್ಲಿಕ್ಕೆ ಶುರು ಮಾಡಿ ಆಯ್ತಾ, ಇಲ್ಲ ಇನ್ನು ಮಾಡ್ಬೇಕಾ?

ಕಾಂತಿ ಚಪ್ಪಲಿ ಬಿಟ್ಟು ತೋಡಿಗೆ ಇಳಿದಳು. ಅವನು ಪ್ಯಾಂಟು ಮಡಚಿ, ಒಂದು ಕಾಲಿಟ್ಟು, ಅಯ್ಯಬ್ಬ ಎಂದು ತೆಗೆದು, ಮತ್ತೆ ಎರಡೂ ಕಾಲಿಟ್ಟ. ಮೀನಿನ ಮರಿಗಳು ಬೆರಳು ಕಚ್ಚಿದವು. ಅವನು ಕೂಗಿಕೊಂಡ. ಅವಳು ನಕ್ಕಳು. ಅವಳು ನಕ್ಕದ್ದಕ್ಕೆ ಅವನು ನೀರು ಎರಚಿದ, ಹೊಸ ಸೀರೆಯೆಂದು ಅವಳು ಬೈದಳು, ಬೈದು ತಾನೂ ಎರಚಿದಳು. ಅರುವತ್ತರ ಗಂಡಸು ಮತ್ತು ಐವತ್ತೈದರ ಹೆಂಗಸು ರಸ್ತೆಯ ಬದಿಯ ತೋಡಿನಲ್ಲಿ ಹೀಗೆ ಒದ್ದೆಯಾಗುತ್ತಿರುವಾಗ ಮೇಲೆ ಒಂದು ಬೈಕು ನಿಂತಿತು. ಸೂಟು ತೊಟ್ಟ ಯುವಕನೊಬ್ಬ ಬೆವರು ಒರೆಸಿಕೊಳ್ಳುತ್ತಾ ಕೆಳಗೆ ಬಗ್ಗಿ ನೋಡಿದ.

ಯುವಕ: ಎಂತಾಯ್ತು ಅಣ್ಣ, ಬಿದ್ದದ್ದಾ?

ಕಮಲಾಕ್ಷ: ಇಲ್ಲಪ್ಪ, ಇಳಿದದ್ದು.

ಯುವಕ: ಎಲ್ಲಿಗೆ ಹೊರಟದ್ದು?

ಕಾಂತಿ ನೀರೆರಚುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

ಕಮಲಾಕ್ಷ: ಎಲ್ಲಿಗೂ ಇಲ್ಲ, ಸುಮ್ಮನೆ. ನೀನು?

ಯುವಕ: ಕಕ್ಕಿಂಜೆಗೆ, ಗೆಳೆಯನ ಮದುವೆಗೆ. ಹನ್ನೊಂದೂವರೆಗೆ ನಿಕಾಹ್ ಅಣ್ಣ, ಆಗ್ಲೇ ತಡ ಆಯ್ತು!

ಕಮಲಾಕ್ಷ: ಅಯ್ಯೋ ಪಾಪ!